ಎಡಕ್ಕೆ ಜಾರಿದ ಭುಜ

ಮಹದೇವು ಬೆರ್ಚಪ್ಪನ ಜೊತೆ ಜಗಳವಾಡಿದ ಸುದ್ದಿ ಹೂಗ್ಯಂ ಊರ ತುಂಬ ಹಬ್ಬಿ, ಟೀ ಅಂಗಡಿಯಲ್ಲಿ ನಗೆಯೋ ನಗೆ. ಆಗಿದ್ದಿಷ್ಟೆ. ಔಷಧಿ ಹೊಡೆಯುವ ಮಿಷನ್ ಕೇಳಲು ಬಂದವನು ರಸ್ತೆಯಿಂದಲೇ, "ಲೇ ದೇವರಾಜ, ಮಿಷನ್ ಕೊಡ್ಲಾ" ಎಂದು ಕೂಗಿದ. ಜೋಳದ ಹೊಲದ ನಡುವೆ ನಿಂತಿದ್ದ ದೇವರಾಜು ತುಟಿಪಿಟಕ್ಕೆನ್ನಲಿಲ್ಲ. "ಕಿವುಡಾ ಏನ್ಲಾ ನಿಂಗೆ? ಕೊಡಕಿಲ್ಲ ಅಂದ್ರೆ ಬಾಯ್ಬುಟ್ಟು ಯೋಳು!" ಎಂದು ಬೈದು, ಧುಮುಧುಮು ಅನ್ನುತ್ತ ಮನೆಗೆ ಹೋದವನು ದೇವರಾಜುವಿನ ಜೊತೆ ಮಾತೇ ಬಿಟ್ಟ. ನಿಜವಾದ ದೇವರಾಜು ಆ ಹೊತ್ತಿನಲ್ಲಿ ಡೈರಿಗೆ ಹಾಲು ಹಾಕುತ್ತಿದ್ದ. ಹೊಲದಲ್ಲಿದ್ದದ್ದು ಅವನ ಹೆಂಡತಿ ಪುಟ್ಟಮಾದಮ್ಮ ಹಂದಿಗಳನ್ನು ಬೆದರಿಸಲು ಕಟ್ಟಿ ನಿಲ್ಲಿಸಿದ ಬೆರ್ಚಪ್ಪ.

ಊರು ನಕ್ಕು ಸುಮ್ಮನಾಯಿತು. ಪುಟ್ಟಮಾದಮ್ಮನಿಗೆ ಮಾತ್ರ ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಅಲ್ಲ, ಅದು ಹೇಗೆ? ಅಂಗಿ ಗಂಡನದಲ್ಲ, ತವರಿಂದ ತಂದ ತಮ್ಮನ ಹಳೆಯ ಅಂಗಿ. ಮುಖವೆಂದರೆ ಒಂದು ಒಡಕು ಮಡಕೆ, ಅದರ ಮೇಲೆ ಸುಣ್ಣದ ಬೊಟ್ಟು. ಕಣ್ಣಿಲ್ಲ, ಮೂಗಿಲ್ಲ. ಹಾಗಾದರೆ ಮಹದೇವು ಕಂಡದ್ದು ಏನನ್ನು?

ತಡೆಯಲಾರದೆ ರಸ್ತೆಗೆ ಹೋಗಿ, ಅವನು ನಿಂತಿದ್ದ ಜಾಗದಲ್ಲೇ ನಿಂತು ನೋಡಿದಳು. ದೇವರಾಜುವೇ! ತೋಳಾಗಿ ಕಟ್ಟಿದ್ದ ಬಿದಿರಿನ ಅಡ್ಡಗಳದ ಕಟ್ಟು ಸಡಿಲವಾಗಿ ಬೆರ್ಚಪ್ಪನ ಎಡಭುಜ ಕೆಳಕ್ಕೆ ಜಾರಿತ್ತು. ದಿನಾ ಎಡಗೈಯಲ್ಲಿ ಹಾಲಿನ ಕ್ಯಾನು ಹಿಡಿದು ಹಿಡಿದು ಗಂಡನ ಭುಜವೂ ಹಾಗೇ ಜಾರಿದೆ. ಇಷ್ಟು ವರ್ಷ ಕಣ್ಣೆದುರೇ ಓಡಾಡಿದ ಭುಜ, ಅವಳು ನೋಡೇ ಇರಲಿಲ್ಲ.

"ನನ್ ಗಂಡನಿಗೇ ಮಂಕುಬೂದಿ ಎರಚ್ಬುಟ್ಟಲ್ಲಮ್ಮಿ! ಭಾರಿ ಕಲಾವಿದೆ ಕಣಮ್ಮಿ ನೀನು" ಎಂದು ಮಹದೇವುವಿನ ಹೆಂಡತಿ ರತ್ನ ನೀರಿನ ಟ್ಯಾಂಕಿನ ಹತ್ತಿರ ರೇಗಿಸಿದಳು.

"ಅಯ್ಯೋ ಸುಮ್ನಿರು ರತ್ನಕ್ಕ. ಗಳ ಜಾರ್ಕಂಡಿತ್ತು ಅಷ್ಟೆಯ. ನಾನೇನೂ ಮಾಡ್ಲಿಲ್ಲ."

ಹೇಳಿದ್ದೇನೋ ಹೇಳಿದಳು, ಆ ಮಾತು ಬಿಟ್ಟು ಹೋಗಲಿಲ್ಲ. ಕಲಾವಿದೆ ಅಂದರೆ ಹನೂರಿನಲ್ಲಿ ವೇದಿಕೆ ಮೇಲೆ ಶಾಲು ಹೊದಿಸಿಕೊಳ್ಳುವವರು. ಗಳ ತಾನಾಗಿ ಜಾರಿದ್ದಾದರೆ ಶಾಲು ಗಳಕ್ಕೇ ಹೊದಿಸಬೇಕು, ತನಗ್ಯಾಕೆ? ಆದರೆ ಬೇಕೆಂದೇ ಮಾಡಿದರೂ ಬರುತ್ತದಾ? ಬಂದರೆ ಕೈ ತನ್ನದು, ಬಾರದಿದ್ದರೆ ಗಳದ್ದು. ಇದೊಂದನ್ನು ತಿಳಿಯದೆ ಅವಳಿಗೆ ತುತ್ತು ಇಳಿಯದಂತಾಯಿತು.

ಅಷ್ಟರಲ್ಲಿ ದೇವರಾಜು ಹೊಲಕ್ಕೆ ಸೋಲಾರ್ ಬೇಲಿ ಹಾಕಿಸಿದ. "ಇನ್ ಬೆರ್ಚಪ್ಪ ಯಾಕಮ್ಮಿ? ಅಂದಿಗಳು ಇದ್ಕೆ ಯಾವತ್ತು ಎದ್ರಿದ್ದೊ? ಗಳ ಕಿತ್ತು ಈರೆಕಾಯಿ ಚಪ್ರಕ್ಕೆ ಹಾಕಮ" ಎಂದ. ಅದೂ ನಿಜವೇ. ಹಂದಿಗಳು ಬೆರ್ಚಪ್ಪನ ಕಾಲಬುಡದಲ್ಲೇ ಜೋಳ ತಿಂದು ಹೋಗಿದ್ದವು. ಉಪಯೋಗವಿಲ್ಲದ್ದಕ್ಕೆ ಕೈ ಯಾಕೆ ತುರಿಸುತ್ತದೆ ಎಂಬುದೇ ಅವಳಿಗೂ ಸೋಜಿಗ.

"ಒಂದ್ ವಾರ ಬುಡಿ" ಅಂದಳು.

ಈ ಸಲ ಮಹದೇವುವನ್ನೇ ಮಾಡಲು ಹೊರಟಳು. ಅವನೆಂದರೆ ಹೊಟ್ಟೆ ತಾನೇ ಎಂದು ಅಂಗಿಯೊಳಗೆ ಹುಲ್ಲು ಗಿಡಿದು ತುಂಬಿ ಹಗ್ಗ ಬಿಗಿದಳು. ರಸ್ತೆಗೆ ಹೋಗಿ ನೋಡಿದರೆ ಹುಲ್ಲಿನ ಮೂಟೆ. ಮಹದೇವು ಎಲ್ಲಿದ್ದಾನೆ ಅದರಲ್ಲಿ! ನೋಡಿದೆಯಾ, ಅವತ್ತಿನದು ಗಳದ್ದೇ ಕೈವಾಡ, ನಿನ್ನದೇನಿಲ್ಲ ಎಂದು ಮನಸ್ಸು ಅಣಕಿಸಿತು. ಅಳುವೇ ಬಂತು. ಈ ವಯಸ್ಸಿನಲ್ಲಿ ಹುಲ್ಲಿನ ಮೂಟೆಗಾಗಿ ಅಳುವುದೇ ಎಂದು ನಾಚಿಕೆಯೂ ಆಯಿತು.

ನಾಚಿಕೆಗಿಂತ ಕುತೂಹಲ ಗಟ್ಟಿಯಾಗಿತ್ತು. ಮಹದೇವು ಎಲ್ಲಿ ಕಂಡರೂ ಬಿಡದೆ ನೋಡತೊಡಗಿದಳು. ಬಸ್ಸಿಗೆ ಕಾಯುವಾಗ ಹೇಗೆ ನಿಲ್ಲುತ್ತಾನೆ, ಯಾರಾದರೂ ಕರೆದರೆ ಮೊದಲು ಯಾವುದು ತಿರುಗುತ್ತದೆ, ತಲೆಯೋ ಹೆಗಲೋ?

"ಇದ್ಯಾಕಮ್ಮಿ, ನನ್ ಗಂಡನ್ನ ನುಂಗೋ ಅಂಗೆ ನೋಡ್ತಿದ್ದಿಯಲ್ಲ?" ಎಂದು ಟ್ಯಾಂಕಿನ ಹತ್ತಿರ ನೀರು ಹಿಡಿಯುವಾಗ ರತ್ನ ಕೇಳಿಯೇಬಿಟ್ಟಳು.

"ಹೊಟ್ಟೆ ಅಲ್ಲ ರತ್ನಕ್ಕ, ಕತ್ತು!" ಎಂದು ಕೂಗಿ ಪುಟ್ಟಮಾದಮ್ಮ ಬಿಂದಿಗೆಯನ್ನೂ ಬಿಟ್ಟು ಹೊಲಕ್ಕೆ ಓಡಿದಳು.

ಹೌದು, ಕತ್ತು. ಏನೋ ಕೇಳಲು ಹೊರಟವನ ಹಾಗೆ ಅವನ ಕತ್ತು ಸದಾ ಮುಂದಕ್ಕೆ, ಮೈಭಾರವೆಲ್ಲ ಬಲಗಾಲ ಮೇಲೆ. ಹೊಟ್ಟೆಯ ಹುಲ್ಲು ಕಿತ್ತೆಸೆದಳು. ನೆಟ್ಟ ಗಳವನ್ನು ಬಲಕ್ಕೆ ವಾಲಿಸಿದಳು, ಮಡಕೆಯನ್ನು ಮುಂದಕ್ಕೆ ತಂದು ಕಟ್ಟಿದಳು. ರಸ್ತೆಗೆ ಓಡಿ ನೋಡುವುದು, ಬಂದು ಒಂದು ಬೆರಳಷ್ಟು ಸರಿಸುವುದು, ಮತ್ತೆ ಓಡುವುದು. ಒಲೆಯ ಮೇಲಿನ ಹುರುಳಿಕಾಳು ಸೀದು ಕರಕಾಯಿತು.

ವಾರ ಕಳೆದ ಬೆಳಿಗ್ಗೆ ದೇವರಾಜು ಮಚ್ಚು ಹಿಡಿದು ಹೊಲಕ್ಕೆ ಬಂದ. ಹಿಂದೆಯೇ ಪುಟ್ಟಮಾದಮ್ಮ. ಅದೇ ಹೊತ್ತಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಮಹದೇವು ಗಕ್ಕನೆ ನಿಂತುಬಿಟ್ಟ. ಮಾತು ಬಿಟ್ಟಿದ್ದನ್ನೂ ಮರೆತು ಬೇಲಿಯ ತನಕ ಬಂದು, ಕತ್ತು ಚಾಚಿ ನೋಡಿದ. ಆಚೆಯಿಂದ ಬೆರ್ಚಪ್ಪನೂ ಕತ್ತು ಚಾಚಿಕೊಂಡಿದ್ದ.

"ದೇವರಾಜ... ನಮ್ಮಪ್ಪ ಇಂಗೇ ಅಲ್ವೇನ್ಲಾ ನಿಂತ್ಕತಿದ್ದದ್ದು?" ಎಂದ. ಆ ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. "ಯಾರ್ಲಾ ಇದ ಮಾಡ್ದೋರು?"

ಇನ್ನೊಂದು ಜಗಳ ಬೇಡವೆಂದು ದೇವರಾಜು ಹೆಂಡತಿಗೆ ಅಡ್ಡ ಬಂದ. "ಯಾರೂ ಇಲ್ಲ ಕಣಣ್ಣ. ಗಾಳಿಗೆ ಗಳ ಜಾರಿರ್ಬೇಕು."

ಪುಟ್ಟಮಾದಮ್ಮನ ನಾಲಿಗೆಯ ಮೇಲೂ ಅದೇ ಮಾತು ಸಿದ್ಧವಾಗಿತ್ತು. ಹೇಳಿಬಿಟ್ಟರೆ ಎಲ್ಲ ಸಲೀಸು. ಅವಳು ಗಂಡನನ್ನು ಸರಿಸಿ ಮುಂದೆ ಬಂದಳು.

"ಜಾರ್ಲಿಲ್ಲ ಮಾದೇವಣ್ಣ. ನಾನು ಬೇಕಂತ್ಲೇ ಮಾಡಿದ್ದು."

ಮಹದೇವು ಬೈಯಲಿಲ್ಲ, ನಗಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು ಮತ್ತೆ ನೋಡುತ್ತ ನಿಂತ. ದೇವರಾಜು ಮಚ್ಚನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ಅಂಗಾರೆ ಚಪ್ರಕ್ಕೆ ಗಳ?" ಎಂದು ಮೆಲ್ಲಗೆ ಕೇಳಿದ.

"ಬೇರೆ ನೋಡ್ಕಳಿ. ಇದು ಇಲ್ಲೇ ಇರ್ಲಿ" ಎಂದು ಪುಟ್ಟಮಾದಮ್ಮ ಸೆರಗು ಸಿಕ್ಕಿಸಿಕೊಂಡು ಬೆರ್ಚಪ್ಪನ ಕಡೆ ನಡೆದಳು. "ಕತ್ತು ಇನ್ನೂ ಒಸಿ ಸರಿಯಾಗ್ಬೇಕು."