ಹತ್ತಕ್ಕೆ ಹತ್ತು

ದೊಡ್ಡ ಹುದ್ದೆಯಲ್ಲಿರುವವರ ಎದುರು ಕುಳಿತು ಪ್ರಶ್ನೆ ಕೇಳುವುದು ನನ್ನ ಕಸುಬು. ಎಕ್ಸಿಕ್ಯೂಟಿವ್ ಕೋಚ್ ಎನ್ನುತ್ತಾರೆ. ಹದಿನಾಲ್ಕು ವರ್ಷವಾಯಿತು, ಬಂಟ್ವಾಳದಲ್ಲಿ ನಮ್ಮ ನೆರೆಮನೆಯವರಿಗೆ ಇದು ಇವತ್ತಿಗೂ ತಲೆಗೆ ಹೋಗಿಲ್ಲ. "ಕಾಂತಿಯಕ್ಕ ದೊಡ್ಡವರಿಗೆ ಟ್ಯೂಷನ್ ಕೊಡುವುದು" ಎಂದು ಬಂದವರಿಗೆಲ್ಲ ಹೇಳುತ್ತಾರೆ. ನಾನು ಏನನ್ನೂ ಕಲಿಸುವುದಿಲ್ಲ, ಸಲಹೆಯಂತೂ ಕೊಡುವುದೇ ಇಲ್ಲ. ಪ್ರಶ್ನೆ ಕೇಳುತ್ತೇನೆ, ಸುಮ್ಮನಿರುತ್ತೇನೆ, ಎದುರಿನವರು ತಮ್ಮ ಉತ್ತರವನ್ನು ತಾವೇ ಹುಡುಕಿಕೊಳ್ಳುತ್ತಾರೆ. ಸುಮ್ಮನಿರುವುದಕ್ಕೂ ಕಲಿಯಬೇಕಾ ಎಂದು ನನ್ನ ತಮ್ಮ ಕಿಚಾಯಿಸುತ್ತಾನೆ. ಕಲಿಯಬೇಕು. ನನ್ನಂಥ ಬಾಯಾಳಿಗೆ ಆರು ವರ್ಷ ಹಿಡಿಯಿತು.

ಆ ಭಾನುವಾರ ನಾನು ಮಿಜಾರಿನಲ್ಲಿದ್ದೆ. ಹತ್ತು ವರ್ಷಕ್ಕಿಂತ ಹೆಚ್ಚು ಅನುಭವವಿರುವ ಕೋಚ್‌ಗಳಿಗೆ ಮೂರು ದಿನದ ಮೇಲ್ಮಟ್ಟದ ತರಬೇತಿ. ಕಾಲೇಜೊಂದರ ಸಭಾಂಗಣವನ್ನು ಬಾಡಿಗೆಗೆ ಹಿಡಿದಿದ್ದರು. ನಾವು ಹನ್ನೆರಡು ಮಂದಿ. ಕೊನೆಯ ದಿನ ಪ್ರತಿಯೊಬ್ಬರೂ ತಾವು ನಡೆಸಿದ ಒಂದು ಮಾತುಕತೆಯ ರೆಕಾರ್ಡಿಂಗ್ ಕೇಳಿಸಬೇಕು. ಎಲ್ಲರೂ ಅದನ್ನು ಬಿಡಿಸಿ ಬಿಡಿಸಿ ನೋಡುತ್ತಾರೆ. ಅದರಲ್ಲಿ ಪಾಸಾದರೆ ಈ ವೃತ್ತಿಯ ಅತಿ ದೊಡ್ಡ ಸರ್ಟಿಫಿಕೇಟ್. ಹಿಂದಿನ ಸಲ ನಾನು ಫೇಲಾಗಿದ್ದೆ. "ನೀವು ದಾರಿ ತೋರಿಸಲು ಹೋಗ್ತೀರಿ" ಎಂದು ಬರೆದು ಕಳಿಸಿದ್ದರು. ಅದನ್ನು ಓದಿ ನನಗೆ ಬಂದ ಸಿಟ್ಟು ಒಂದು ವಾರ ಇಳಿದಿರಲಿಲ್ಲ.

ಹಾಗಾಗಿ ಈ ಸಲ ದಾರಿ ತೋರಿಸದ ರೆಕಾರ್ಡಿಂಗನ್ನೇ ಆರಿಸಿ ತಂದಿದ್ದೆ. ಹನ್ನೆರಡು ದಿನದ ಹಿಂದಿನದು. ಹೋಟೆಲ್ ಮಾಲೀಕರೊಬ್ಬರದು, ಮೂರು ಹೋಟೆಲು, ನೂರಾ ನಲವತ್ತು ಜನ ಕೆಲಸಗಾರರು. ಅವರ ಒಪ್ಪಿಗೆ ಪಡೆದಿದ್ದೆ, ಹೆಸರು ಬರುವ ಕಡೆಯಲ್ಲೆಲ್ಲ ಕತ್ತರಿಸಿದ್ದೆ. ನಾವಿಬ್ಬರೂ ಮಾಮೂಲಾಗಿ ತುಳುವಿನಲ್ಲೇ ಮಾತಾಡುವವರು. ಆವತ್ತು ರೆಕಾರ್ಡಿಂಗ್ ಉಂಟೆಂದು ಇಬ್ಬರೂ ಶಾಲೆಯ ಮಕ್ಕಳಂತೆ ನೆಟ್ಟಗೆ ಕುಳಿತು ಕನ್ನಡದಲ್ಲಿ ಮಾತಾಡಿದ್ದೆವು.

ನಮ್ಮ ಗುರು ಮಹಾಲಿಂಗೇಶ್ವರ ಭಟ್ಟರು. ಅರವತ್ತು ದಾಟಿದವರು. ಅವರು ಹೊಗಳುವುದು ಅಪರೂಪ. ಅವರು ಸ್ಪೀಕರ್ ಹಚ್ಚಿದಾಗ ನನಗೆ ಒಂದೇ ಚಿಂತೆ. ಫೇಲಾದರೆ ಎಂಬ ಹೆದರಿಕೆ. ಈಗ ನೆನೆದರೆ ಆ ಹೆದರಿಕೆಯ ಮೇಲೆ ನಗು ಬರುತ್ತದೆ, ನಾಚಿಕೆಯೂ.

ಸ್ಪೀಕರಿನಿಂದ ಆ ಹೋಟೆಲ್ ಮಾಲೀಕರ ದನಿ ಬಂತು. "ಸ್ಟಾಫಿನವರಿಗೆ ನನ್ನ ಮೇಲೆ ಗೌರವ ಇಲ್ಲ ಮೇಡಂ. ಎಸಿ ರೂಮಿನಲ್ಲಿ ಕೂತು ಆರ್ಡರ್ ಮಾಡ್ತಾರೆ ಅಂತ ಹೇಳ್ತಾರಂತೆ. ಅದನ್ನು ಯೋಚಿಸಿದರೆ ಹೆದರಿಕೆ ಆಗ್ತದೆ."

ಆಮೇಲೆ ನನ್ನ ದನಿ, ಬೆಣ್ಣೆ ಹಚ್ಚಿದ ಹಾಗೆ. "ಆ ಹೆದರಿಕೆ ನಿಮ್ಮ ದೇಹದಲ್ಲಿ ಎಲ್ಲಿ ಉಂಟು?"

ಭಟ್ಟರು ತಲೆದೂಗಿದರು. ಇದು ನಮ್ಮ ಕಸುಬಿನ ಪ್ರಸಿದ್ಧ ಪ್ರಶ್ನೆ. ತಲೆಯಿಂದ ಕೆಳಗಿಳಿಸಿ ಮೈಯಲ್ಲಿ ಹುಡುಕಿಸಿದರೆ ಜನ ಸುಳ್ಳು ಹೇಳುವುದಿಲ್ಲ ಎಂದು ನಮಗೆ ಕಲಿಸಿದ್ದಾರೆ.

"ಎದೆಯಲ್ಲಿ. ಮೆಟ್ಟಿಲು ಹತ್ತಿದರೆ ಹಿಡಿದ ಹಾಗೆ ಆಗ್ತದೆ. ಆಮೇಲೆ ಎಡಗೈಗೆ ಬರ್ತದೆ. ಈ ದವಡೆಗೂ ಬರ್ತದೆ. ಬೆವರು ಬರ್ತದೆ. ನಿಂತರೆ ಹೋಗ್ತದೆ."

ಒಂದು ದೀರ್ಘ ಮೌನ. ಹದಿನೆಂಟು ಸೆಕೆಂಡು, ನಾನು ಮನೆಯಲ್ಲಿ ಎಣಿಸಿದ್ದೆ. ಆಮೇಲೆ ನಾನು ಹೇಳಿದ್ದು: "ಅದರ ಜೊತೆ ಸ್ವಲ್ಪ ಹೊತ್ತು ಇರಿ. ಉಸಿರಾಡಿ. ಅದು ನಿಮಗೆ ಏನು ಹೇಳ್ತಾ ಉಂಟು?"

"ಎದುರು ಹೋಗು ಅಂತ ಹೇಳ್ತದೆ ಮೇಡಂ. ಎಸಿ ರೂಮು ಬಿಟ್ಟು ಎಲ್ಲರ ಎದುರು."

ಇಲ್ಲಿಂದ ಮುಂದೆ ರೆಕಾರ್ಡಿಂಗ್ ನದಿಯಂತೆ ಹರಿಯುತ್ತದೆ ಎಂದು ನಾನು ಹೆಮ್ಮೆಪಟ್ಟಿದ್ದೆ. ನೆರಿಯದ ಗುಡ್ಡದ ಮೇಲೆ ಅವರು ಹೋಂಸ್ಟೇ ಕಟ್ಟಿಸುತ್ತಿದ್ದಾರೆ. ಸ್ಟಾಫನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ, ನಾನೂ ಅರ್ಧದವರೆಗೆ ಜೀಪಿನಲ್ಲಿ ಹೋಗಿ ಆಮೇಲೆ ನಡೆಯುತ್ತೇನೆ ಎಂದರು. ಪೂರ್ತಿ ಅವರೆಲ್ಲರ ಎದುರಿರುವುದು ಅಂದರೆ ಹೇಗಿರ್ತದೆ ಎಂದು ಕೇಳಿದೆ. ಬುಡದಿಂದಲೇ ನಡೆಯುವುದು ಎಂದರು. ಇದನ್ನು ಮಾಡಿಯೇ ತೀರುತ್ತೇನೆ ಎಂಬುದಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡ್ತೀರಿ ಎಂದು ಕೇಳಿದೆ. ಇದೂ ನಮ್ಮ ಪದ್ಧತಿಯೇ. ಆರು ಎಂದರು. ಅದು ಹತ್ತಾಗಬೇಕಾದರೆ ಏನು ಬೇಕು ಎಂದೆ. ಅವರು ಸ್ವಲ್ಪ ನಕ್ಕು, "ಹತ್ತೇ ಹಾಕಿ ಮೇಡಂ. ಭಾನುವಾರ, ಇನ್ನೊಂದು ವಾರ ಬಿಟ್ಟು. ನಿಮಗೆ ಮಾತು ಕೊಟ್ಟ ಹಾಗೆ" ಎಂದರು.

ರೆಕಾರ್ಡಿಂಗ್ ಮುಗಿಯಿತು. ಭಟ್ಟರು ಕನ್ನಡಕ ತೆಗೆದು ಒರೆಸಿದರು. "ಕಾಂತಿಯವರೇ, ಆ ಮೌನ ಬಹಳ ಒಳ್ಳೆಯದಿತ್ತು. ನೀವು ಒಂದು ಸಲವೂ ಅವರ ದಾರಿಗೆ ಅಡ್ಡ ಬರಲಿಲ್ಲ" ಎಂದರು. ನಾಲ್ಕಾರು ಜನ ಚಪ್ಪಾಳೆ ತಟ್ಟಿದರು.

ಮೂಲೆಯಲ್ಲಿದ್ದ ಶುಭಶ್ರೀ ಮಾತ್ರ ತಟ್ಟಲಿಲ್ಲ. ಅವರು ಕೋಚ್ ಆಗುವುದಕ್ಕೆ ಮುಂಚೆ ಹನ್ನೊಂದು ವರ್ಷ ಐಸಿಯುವಿನಲ್ಲಿ ಡಾಕ್ಟರಾಗಿದ್ದವರು. ಹೊಟ್ಟೆಕಿಚ್ಚು ಇರಬೇಕು ಅಂದುಕೊಂಡೆ.

"ಇದು ಯಾವತ್ತಿನ ರೆಕಾರ್ಡಿಂಗ್?" ಎಂದರು.

"ಹನ್ನೆರಡು ದಿನ ಆಯ್ತು."

"ಅವರು ಡಾಕ್ಟರಿಗೆ ತೋರಿಸಿದರಾ?"

"ಯಾಕೆ?"

"ಯಾಕೆಂದರೆ ಅದು ಸ್ಟಾಫಿನ ಹೆದರಿಕೆ ಅಲ್ಲ ಮಾರಾಯ್ರೆ. ಹತ್ತುವಾಗ ಬರ್ತದೆ, ನಿಂತರೆ ಹೋಗ್ತದೆ, ಎಡಗೈ, ದವಡೆ, ಬೆವರು. ಅದು ಹಾರ್ಟ್. ನೀವು ಕೇಳಿದಿರಿ ಎಲ್ಲಿ ಉಂಟು ಅಂತ, ಅವರು ಸರಿಯಾಗಿ ತೋರಿಸಿದ್ದಾರೆ." ಅವರು ಎದ್ದು ನಿಂತರು. "ಯಾವ ಭಾನುವಾರ ಹತ್ತುವುದು?"

ಇನ್ನೊಂದು ವಾರ ಬಿಟ್ಟು ಬರುವ ಭಾನುವಾರ. ಅಂದರೆ ಇವತ್ತು. ಗೋಡೆಯ ಗಡಿಯಾರದಲ್ಲಿ ಹತ್ತು ಇಪ್ಪತ್ತಾಗಿತ್ತು.

"ಯಾರು ಅವರು? ನಂಬರ್ ಕೊಡಿ."

"ಕ್ಲೈಂಟಿನ ಹೆಸರು ಇಲ್ಲಿ ಹೇಳುವ ಹಾಗಿಲ್ಲ" ಎಂದು ಭಟ್ಟರು ಅಭ್ಯಾಸಬಲದಿಂದ ಶುರು ಮಾಡಿ, ತಾವೇ ಅರ್ಧಕ್ಕೆ ನಿಲ್ಲಿಸಿದರು.

"ಕಮಲಾಕ್ಷ" ಎಂದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಒಬ್ಬ ಕ್ಲೈಂಟಿನ ಹೆಸರನ್ನು ನಾಲ್ಕು ಜನರ ಎದುರು ಹೇಳಿದೆ.

ಅವರ ಫೋನು ವ್ಯಾಪ್ತಿಯ ಹೊರಗೆ. ಮತ್ತೆ ಮಾಡಿದೆ, ಅದೇ ಹೆಣ್ಣಿನ ದನಿ. ಗುರುವಾಯನಕೆರೆಯ ಅವರ ಹೋಟೆಲಿಗೆ ಮಾಡಿದೆ. ಕೌಂಟರಿನವರು, "ಎಲ್ಲರೂ ಒಂಬತ್ತಕ್ಕೇ ನೆರಿಯಕ್ಕೆ ಹೋದರಲ್ಲ, ಧಣಿಗಳೂ ಇದ್ದಾರೆ" ಎಂದು ಖುಷಿಯಿಂದ ಹೇಳಿದರು. ಗುಡ್ಡಕ್ಕೆ ಸಿಮೆಂಟು ಸಾಗಿಸುವ ಜೀಪಿನ ಉಮ್ಮರ್ ಎಂಬವರ ನಂಬರೂ, ಕಮಲಾಕ್ಷರ ಹೆಂಡತಿ ಸರಸ ಅವರ ನಂಬರೂ ಸಿಕ್ಕಿತು. ಅಷ್ಟರಲ್ಲಿ ಶುಭಶ್ರೀ ನನ್ನ ಕೈಯಿಂದ ಕಾರಿನ ಕೀ ಕಿತ್ತುಕೊಂಡಿದ್ದರು. "ಕಾರು ನಾನು ಬಿಡ್ತೇನೆ. ನೀವು ಫೋನ್ ಮಾಡಿ."

ಮೂಡಬಿದಿರೆ ದಾಟುವ ಮೊದಲೇ ಉಮ್ಮರ್ ಫೋನಿನಲ್ಲಿ ಸಿಕ್ಕಿದರು. ಗುಡ್ಡದ ಬುಡದಲ್ಲೇ ಜೀಪು ನಿಲ್ಲಿಸಿಕೊಂಡಿದ್ದರು.

"ನಾನು ಎಷ್ಟು ಹೇಳಿದೆ ಮೇಡಂ, ಜೀಪಲ್ಲಿ ಕೂತ್ಕೊಳ್ಳಿ ಧಣಿ, ಮುಖ ಯಾಕೋ ಸರಿ ಇಲ್ಲ ಅಂತ. ಕೇಳಲಿಲ್ಲ. ನಾನು ಮೇಡಂಗೆ ಹತ್ತಕ್ಕೆ ಹತ್ತು ಕೊಟ್ಟಿದ್ದೇನೆ ಅಂದರು. ಅದೇನು ಹತ್ತು ಅಂತ ನನಗೆ ಗೊತ್ತಾಗಲಿಲ್ಲ."

ನನಗೆ ಗೊತ್ತಾಯಿತು. ಶುಭಶ್ರೀ ಕಾರು ಬಿಡುತ್ತಲೇ ಫೋನಿನತ್ತ ಕೂಗಿ ಹೇಳಿದರು. "ಉಮ್ಮರಾಕ, ಈಗಲೇ ಮೇಲೆ ಹೋಗಿ. ಅವರನ್ನು ಒಂದು ಹೆಜ್ಜೆ ನಡೆಸಬೇಡಿ. ಜೀಪಿನಲ್ಲಿ ಕೂರಿಸಿ ಕಕ್ಕಿಂಜೆಗೆ ತನ್ನಿ, ಅಲ್ಲಿಗೆ ಆಂಬುಲೆನ್ಸ್ ಬರುವ ಹಾಗೆ ಮಾಡ್ತೇವೆ."

ಆಂಬುಲೆನ್ಸಿಗೆ ಹೇಳಿದ್ದಾಯಿತು. ಸರಸರಿಗೆ ಹೇಳಬೇಕಿತ್ತು. ಆ ನಂಬರಿನ ಮೇಲೆ ಬೆರಳಿಟ್ಟುಕೊಂಡು ವೇಣೂರಿನವರೆಗೆ ಹಾಗೇ ಕುಳಿತಿದ್ದೆ. ಏನೆಂದು ಹೇಳುವುದು? ನಿಮ್ಮ ಗಂಡ ಎದೆನೋವು ಎಂದರು, ನಾನು ಉಸಿರಾಡಿ ಎಂದೆ? ಶುಭಶ್ರೀ ನನ್ನತ್ತ ನೋಡದೆ, "ಮಾಡ್ತೀರೋ, ನಾನು ಗಾಡಿ ನಿಲ್ಲಿಸಿ ಮಾಡಬೇಕೋ?" ಎಂದು ಗದರಿದರು. ಮಾಡಿದೆ. ಹುಷಾರಿಲ್ಲವಂತೆ, ಬೆಳ್ತಂಗಡಿಯ ಆಸ್ಪತ್ರೆಗೆ ಬನ್ನಿ ಎಂದಷ್ಟೇ ಹೇಳಿದೆ. ಉಳಿದದ್ದನ್ನು ನುಂಗಿಕೊಂಡೆ. ಹೆದರಿಕೆಯಲ್ಲೂ ನನ್ನ ಮಾನದ ಚಿಂತೆ ನನಗೆ.

ಭಾನುವಾರದ ರಸ್ತೆ. ಮದುವೆ ದಿಬ್ಬಣದ ಬಸ್ಸುಗಳು ಒಂದರ ಹಿಂದೊಂದು. ಶುಭಶ್ರೀ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. ನಾನು ಉಮ್ಮರ್‌ಗೆ ಎರಡೆರಡು ನಿಮಿಷಕ್ಕೆ ಫೋನ್ ಮಾಡುತ್ತಿದ್ದೆ, ಹೋಗುತ್ತಿರಲಿಲ್ಲ. ಸತ್ತುಹೋಗಿದ್ದರೆ? ಯೋಚನೆ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಅವರು ಕನ್ನಡದಲ್ಲಿ ಒಂದೊಂದೇ ಶಬ್ದ ಹುಡುಕಿ ನೋವನ್ನು ವಿವರಿಸಿದ್ದರು, ತೋಳು ಮುಟ್ಟಿ ತೋರಿಸಿದ್ದರು. ಅವರ ಹಣೆಯ ಬೆವರನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ, ಎಷ್ಟು ಒಳ್ಳೆಯ ರೆಕಾರ್ಡಿಂಗ್ ಆಗುತ್ತಾ ಉಂಟು ಎಂದು ಮನಸ್ಸಿನಲ್ಲೇ ಕುಣಿದಿದ್ದೆ.

ಗುರುವಾಯನಕೆರೆ ಹತ್ತಿರ ಬರುವಾಗ ಉಮ್ಮರ್ ಅವರೇ ಮಾಡಿದರು. ಗಾಳಿಯ ಸದ್ದು, ದನಿ ತುಂಡು ತುಂಡು. "ಸಿಕ್ಕಿದರು ಮೇಡಂ. ಕಲ್ಲಿನ ಮೇಲೆ ಕೂತಿದ್ದಾರೆ. ಬೆವರಿಗೆ ಅಂಗಿ ಪೂರ್ತಿ ಚಂಡಿ ಆಗಿದೆ. ಜೀಪು ಹತ್ತುವುದಿಲ್ಲ ಅಂತಾರೆ. ನೀವೇ ಹೇಳಿ."

"ಮೇಡಂ" ಎಂದರು ಕಮಲಾಕ್ಷ. ಪಿಸುಮಾತಿನಷ್ಟು ಸಣ್ಣ ದನಿ. "ಇನ್ನು ಸ್ವಲ್ಪವೇ ಉಂಟು. ಸ್ಟಾಫಿನವರೆಲ್ಲ ಮೇಲೆ ಕಾಯ್ತಾ ಇದ್ದಾರೆ."

ಆಗ ನಾನು ಏನು ಹೇಳಿದೆ ಗೊತ್ತೇ? ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನ್ನ ಬಾಯಿಂದ ತಾನಾಗಿಯೇ ಬಂತು, ಅದೇ ಬೆಣ್ಣೆಯ ದನಿಯಲ್ಲಿ: "ಈಗ ನಿಮಗೆ ಏನು ಮಾಡಬೇಕು ಅನ್ನಿಸ್ತದೆ?"

ಶುಭಶ್ರೀ ಬ್ರೇಕ್ ಹಾಕಿದರು. ಅವರು ನನ್ನನ್ನು ನೋಡಿದ ನೋಟ ಸಾಯುವವರೆಗೆ ಮರೆಯಲಾರೆ.

"ಮೇಲೆ ಹೋಗಬೇಕು ಮೇಡಂ" ಎಂದರು ಕಮಲಾಕ್ಷ.

"ಬೇಡ!" ಎಂದು ಕಿರುಚಿದೆ. "ಹತ್ತಬೇಡಿ. ಜೀಪಿನಲ್ಲಿ ಕೂತ್ಕೊಳ್ಳಿ, ಕಮಲಾಕ್ಷಣ್ಣ, ಈಗಲೇ ಕೂತ್ಕೊಳ್ಳಿ. ನಿಮಗೆ ಹಾರ್ಟಿಂದು ಆಗ್ತಾ ಉಂಟು. ನಾನು ಹೇಳ್ತಾ ಇದ್ದೇನೆ, ಕೇಳಿ."

"ಆಯ್ತು. ನೀವು ಹೇಳಿದರೆ ಆಯ್ತು" ಎಂದರು. ಎಷ್ಟು ಸುಲಭವಾಗಿ ಎಂದರೆ ನನಗೆ ಅಳು ಬಂದುಬಿಟ್ಟಿತು. ಲೈನ್ ಕಟ್ಟಾಯಿತು.

ಬೆಳ್ತಂಗಡಿಯ ಆಸ್ಪತ್ರೆಯ ಗೇಟಿನಲ್ಲಿ ಸರಸ ನಿಂತಿದ್ದರು. ಸ್ಕೂಟರಿನಲ್ಲಿ ಬಂದವರು ಹೆಲ್ಮೆಟ್ ತೆಗೆಯುವುದನ್ನೂ ಮರೆತಿದ್ದರು. ನಾನು ಯಾರೆಂದು ಹೇಳಿದೆ. ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ಕಾಂತಿ ಮೇಡಮ್ಮಾ? ಮನೆಯಲ್ಲಿ ದಿನಾ ನಿಮ್ಮದೇ ಸುದ್ದಿ" ಎಂದರು. ಆ ಕೈಗಳನ್ನು ಬಿಡಿಸಿಕೊಳ್ಳುವ ಧೈರ್ಯವೂ ನನಗಿರಲಿಲ್ಲ. ಇಪ್ಪತ್ತು ನಿಮಿಷ ಹಾಗೇ ರಸ್ತೆ ನೋಡುತ್ತ ನಿಂತೆವು.

ಆಂಬುಲೆನ್ಸ್ ಬಂತು. ಬೂದಿಯ ಬಣ್ಣದ ಮುಖ, ಮೂಗಿಗೆ ಆಮ್ಲಜನಕದ ಕೊಳವೆ. ಕಣ್ಣು ತೆರೆದಿತ್ತು. ಒಳಗೆ ಕೊಂಡುಹೋದರು. ಇಸಿಜಿ ಚೀಟಿಯನ್ನು ಶುಭಶ್ರೀಯೂ ಅಲ್ಲಿನ ಡಾಕ್ಟರೂ ತಲೆಗೆ ತಲೆ ತಾಗಿಸಿ ನೋಡಿದರು. ನಾನು ಪರದೆಯ ಅಂಚು ಹಿಡಿದು ನಿಂತೆ. ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯಾದ ಮೇಲೆ ಡಾಕ್ಟರು ಹೊರಗೆ ಬಂದು, ಅಟ್ಯಾಕೇ ಆಗಿತ್ತು, ಈಗ ನೋವು ಇಳಿದಿದೆ, ಮಂಗಳೂರಿಗೆ ಕಳಿಸಿ ಸ್ಟೆಂಟ್ ಹಾಕಿಸುವ, ಉಳಿಯುತ್ತಾರೆ ಎಂದರು. ಇನ್ನು ಕಾಲು ಗಂಟೆ ಹತ್ತಿದ್ದರೆ ಹೇಳಲಿಕ್ಕಾಗುತ್ತಿರಲಿಲ್ಲ ಎಂದೂ ಹೇಳಿದರು.

ಸರಸ ಗಂಡನ ತಲೆಯ ಹತ್ತಿರ ಹೋಗಿ ನಿಂತರು. ನಾನು ಕಾಲಿನ ಹತ್ತಿರ. ಡಾಕ್ಟರು ಪ್ಯಾಡ್ ಹಿಡಿದು, "ಈ ನೋವು ಮೊದಲೂ ಬರ್ತಾ ಇತ್ತಾ?" ಎಂದು ಕೇಳಿದರು.

"ಒಂದು ತಿಂಗಳಾಯ್ತು."

"ಒಂದು ತಿಂಗಳು!" ಸರಸ ಅವರ ದನಿ ಒಡೆಯಿತು. "ನನಗೆ ಯಾಕೆ ಹೇಳಲಿಲ್ಲ ನೀವು? ಒಂದು ಮಾತು ಹೇಳಬಾರದಿತ್ತಾ?"

ಕಮಲಾಕ್ಷ ನನ್ನನ್ನು ನೋಡಿ ಸ್ವಲ್ಪ ನಕ್ಕರು. ಆ ನಗುವಿನಲ್ಲಿ ದೂರು ಎಂಬುದು ಎಳ್ಳಷ್ಟೂ ಇರಲಿಲ್ಲ.

"ಮೇಡಂಗೆ ಹೇಳಿದ್ದೆ" ಎಂದರು. "ಎಲ್ಲ ಹೇಳಿದ್ದೆ, ಕೈಯದ್ದು, ದವಡೆಯದ್ದು. ಅವರು ಏನೂ ಹೇಳಲಿಲ್ಲ. ಅಷ್ಟು ತಿಳಿದವರು ಏನೂ ಹೇಳದಿದ್ದ ಮೇಲೆ ಏನೂ ಇರಲಿಕ್ಕಿಲ್ಲ ಅಂತ ನಾನು ಸುಮ್ಮನಾದೆ."

ಸರಸ ನನ್ನ ಕಡೆಗೆ ತಿರುಗಿದರು. ಹೆಲ್ಮೆಟ್ ಇನ್ನೂ ಅವರ ತಲೆಯ ಮೇಲೇ ಇತ್ತು.

"ಹೌದಾ ಮೇಡಂ?" ಎಂದು ಕೇಳಿದರು.

"ಹೌದು" ಎಂದೆ.