ಪುಟ ನಲವತ್ತೊಂದರ ಮಣ್ಣು

ಜಿಲ್ಲೆಯ ಮಣ್ಣಿನ ಪುಸ್ತಕ ಮೂವತ್ತು ವರ್ಷದ ಮೇಲೆ ಮತ್ತೆ ಅಚ್ಚಾಗಲಿತ್ತು. ಎಲ್ಲಿ ಎಂಥ ಮಣ್ಣು, ಅದರಲ್ಲಿ ಏನು ಚೆನ್ನಾಗಿ ಬೆಳೆಯುತ್ತದೆ ಎಂದು ಹೇಳುವ ದಪ್ಪ ಪುಸ್ತಕ. ಮೊದಲ ಸಲ ಬರೆದವರಲ್ಲಿ ಕಚೇರಿಯಲ್ಲಿ ಇನ್ನೂ ಉಳಿದಿದ್ದವರು ಮಣ್ಣುಮೇಷ್ಟ್ರು ಒಬ್ಬರೇ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಚಹಾ ಕುಡಿಯುವಾಗಲೂ ಮಣ್ಣಿನ ಪಾಠ ಶುರುಮಾಡುತ್ತಾರೆಂದು ಜೊತೆಯವರು ಇಟ್ಟ ಹೆಸರದು. ಮದುವೆಯಾಗಿರಲಿಲ್ಲ. ನಿವೃತ್ತಿಗೆ ಒಂದು ತಿಂಗಳಿತ್ತು. ಬಾಡಿಗೆ ಕೋಣೆಯ ಕಿಟಕಿಯ ಮೇಲೆ, ಮಂಚದ ಕೆಳಗೆ, ಎಲ್ಲೆಲ್ಲೂ ಚೀಟಿ ಕಟ್ಟಿದ ಮಣ್ಣಿನ ಚೀಲಗಳು. ಬಂದವರು ಕೂರುವುದೆಲ್ಲಿ ಎಂದು ಹುಡುಕಬೇಕಿತ್ತು, ಬರುವವರಿದ್ದರೆ ತಾನೆ.

ಹಳೆಯ ಹಾಳೆಗಳನ್ನು ತಾಳೆ ನೋಡಿ ಸಹಿ ಹಾಕುವುದು ಅವರ ಕೊನೆಯ ಕೆಲಸ. ಎಲ್ಲ ಮುಗಿದು ಪುಟ ನಲವತ್ತೊಂದು ಮಾತ್ರ ಉಳಿದಿತ್ತು. ಅದು ಅಕ್ಕನ ಮನೆಯಿದ್ದ ದಿಣ್ಣೆ.

ಆ ಪುಟದ ವಿಷಯದಲ್ಲಿ ಮೇಷ್ಟ್ರು ಒಂದು ಕಳ್ಳಾಟ ಆಡಿದ್ದರು. ಗಂಡ ಸತ್ತ ಮೇಲೆ ಅಕ್ಕ ತನ್ನ ಪಾಡಿಗೆ ಬದುಕಲು ಒಂದು ಚೂರು ನೆಲ ಹುಡುಕುತ್ತಿದ್ದಳು. ಮೇಷ್ಟ್ರಿಗೆ ಆಗ ಇಪ್ಪತ್ತೆಂಟು. ಕೆಲಸ ಹೊಸದು, ಜಂಭ ಅದಕ್ಕಿಂತ ಹೊಸದು. ದಿಣ್ಣೆಯ ಮೇಲೆ ಸುಡುಬಿಸಿಲು. ಬೈರಿಗೆಯಿಂದ ಎರಡು ಮೊಳ ಕೊರೆದು ನೋಡಬೇಕಾದ ನೆಲವನ್ನು ಅವರು ಕೊರೆಯಲೇ ಇಲ್ಲ. ಮರದ ನೆರಳಿನಲ್ಲಿ ಕೂತು, ಎಲೆ ಕೊಳೆತು ಕಪ್ಪಾಗಿದ್ದ ಮೇಲ್ಮಣ್ಣನ್ನು ಕೆದಕಿ ನೋಡಿ, ‘ಆಳವಾದ ಗೋಡುಮಣ್ಣು, ತರಕಾರಿಗೆ ಬಹಳ ಒಳ್ಳೆಯದು’ ಎಂದು ಬರೆದುಬಿಟ್ಟರು.

“ಕಣ್ಣು ಮುಚ್ಕೊಂಡು ತಗೋ ಅಕ್ಕ. ಏನು ನೆಟ್ರೂ ಬರುತ್ತೆ.”

“ನೀನು ಹೇಳಿದ ಮೇಲೆ ಮುಗೀತು ಬಿಡೋ.”

ಪುಸ್ತಕದ ಮೊದಲ ಪ್ರತಿ ಅಕ್ಕನ ಕೈಸೇರಿತು. ಮೂರ್ನಾಲ್ಕು ವರ್ಷ ಅವಳು ಬೆಳೆಯ ಸುದ್ದಿಯೇ ಎತ್ತಲಿಲ್ಲ. ಕೇಳಿದರೆ, “ನನ್ನ ಕೈ ಇನ್ನೂ ಪಳಗಿಲ್ಲ ಕಣೋ” ಎನ್ನುತ್ತಿದ್ದಳು. ಆಮೇಲೆ ಬಸ್ಸಿನಲ್ಲಿ ತರಕಾರಿ ಬರತೊಡಗಿತು. ಬದನೆ, ಹುರುಳಿಕಾಯಿ, ಒಬ್ಬರೇ ತಿಂದು ಮುಗಿಸಲಾಗದ ಕುಂಬಳ. ಮೇಷ್ಟ್ರು ಅದನ್ನು ಕಚೇರಿಯಲ್ಲಿ ಹಂಚಿ, “ಪುಟ ನಲವತ್ತೊಂದು, ತಿಂದು ನೋಡಿ” ಎಂದು ಕೊಚ್ಚಿಕೊಳ್ಳುತ್ತಿದ್ದರು. ಅಕ್ಕ ಕರೆದಾಗಲೆಲ್ಲ ಜಿಲ್ಲೆಯ ಯಾವುದೋ ಮೂಲೆಯ ಮಣ್ಣು ಅಡ್ಡ ಬರುತ್ತಿತ್ತು. ಹೋದರೂ ಮಧ್ಯಾಹ್ನ ಹೋಗಿ ಸಂಜೆ ಬಸ್ಸಿಗೆ ಹೊರಟುಬಿಡುತ್ತಿದ್ದರು. ಕಳೆದ ವರ್ಷ ಅಕ್ಕ ತೀರಿಕೊಂಡಾಗಲೂ ಅಷ್ಟೇ, ಸಂಜೆ ಬಸ್ಸು.

ಈಗ ದಿಣ್ಣೆಗೆ ಬಂದು, ಅಕ್ಕನ ಪಕ್ಕದ ಮನೆಯ ದರ್ಜಿಯಮ್ಮನಿಂದ ಬೀಗದ ಕೈ ಇಸಿದುಕೊಂಡು ಹಿತ್ತಿಲಿಗೆ ಹೋದರು. ಬೈರಿಗೆ ಬೆಣ್ಣೆಗೆ ಚುಚ್ಚಿದಂತೆ ಇಳಿಯಿತು. ಮೊದಲ ಗೇಣು ಕಪ್ಪು, ಎರಡನೆಯ ಗೇಣೂ ಕಪ್ಪು. ‘ಸದ್ಯ, ಬಚಾವಾದೆ’ ಎಂದುಕೊಳ್ಳುವಷ್ಟರಲ್ಲಿ ಕರಕ್ ಎಂದಿತು. ಕೆಂಪು ಗರಸು, ಬೇರಿಳಿಯದ ಕಲ್ಲುಮಣ್ಣು. ನಾಲ್ಕು ಹೆಜ್ಜೆ ಆಚೆ ಕೊರೆದರು. ಅಲ್ಲೂ ಒಂದು ಮೊಳ ಕಪ್ಪು, ಕೆಳಗೆ ಗರಸು. ಆರು ಕಡೆ ಕೊರೆದರೂ ಅದೇ. ಬೇಲಿಯಾಚೆ ಏಳನೆಯದು ಕೊರೆದರೆ ಮೇಲಿಂದಲೇ ಗರಸು. ಕಪ್ಪು ಮಣ್ಣನ್ನು ಅಂಗೈಯಲ್ಲಿ ಉಜ್ಜಿದರು. ಬೂದಿ, ಮೊಟ್ಟೆಯ ಸಿಪ್ಪೆ, ಕಾಲುವೆಯ ಬಸವನಹುಳುವಿನ ಚಿಪ್ಪು. ಕಾಲುವೆಯಿದ್ದದ್ದು ದಿಣ್ಣೆಯ ಬುಡದಲ್ಲಿ. ಬಸವನಹುಳು ಸಾಯುವುದಕ್ಕೆಂದು ದಿಣ್ಣೆ ಹತ್ತಿ ಬರುವುದಿಲ್ಲ.

“ನಿಮಗೆ ಗೊತ್ತಿರ್ಲಿಲ್ವಾ?” ಬೇಲಿಯಾಚೆ ನಿಂತಿದ್ದ ದರ್ಜಿಯಮ್ಮ ಕೇಳಿದಳು. “ನಿಮ್ಮಕ್ಕ ದಿನಾ ಬೆಳಿಗ್ಗೆ ಎರಡು ಬುಟ್ಟಿ. ಕಾಲುವೆ ಹೂಳು ತೆಗೆದು ದಡಕ್ಕೆ ಹಾಕಿರ್ತಾರಲ್ಲ, ಅದನ್ನ ಹೊತ್ಕೊಂಡು ಬರೋರು. ಮಂಡಿ ಹೋಗೋ ತನಕ ಬಿಡ್ಲಿಲ್ಲ.”

“ನನಗೊಂದು ಮಾತು ಹೇಳಬಾರದಿತ್ತಾ?”

“ನಾನೂ ಅದನ್ನೇ ಕೇಳ್ದೆ. ‘ತಮ್ಮ ಪುಸ್ತಕದಲ್ಲಿ ಬರೆದಿದ್ದಾನೆ ಕಣೇ, ನಾಳೆ ಯಾರಾದ್ರೂ ಬಂದು ನೋಡಿದ್ರೆ ಅವನ ಮರ್ಯಾದೆ ಏನಾಗ್ಬೇಕು’ ಅಂದ್ರು. ನೀವು ಬರೋ ದಿನ ಬುಟ್ಟಿ ನಮ್ಮನೇಲಿ ಇಟ್ಟು ಹೋಗೋರು. ಇನ್ನೂ ಅಲ್ಲೇ ಇದೆ.”

ಮೇಷ್ಟ್ರು ಹಿತ್ತಿಲ ಮೆಟ್ಟಿಲ ಮೇಲೆ ಕೂತರು. ನಾಚಿಕೆಗಿಂತ ಹೆಚ್ಚಾಗಿ ಅವರಿಗೆ ಅಕ್ಕ ಬೇಕೆನಿಸಿತು. ಬಾಯಿತುಂಬ ಬೈಯಲಾದರೂ ಅವಳು ಬೇಕಿತ್ತು.

ಹಾಳೆಗೆ ಸಹಿ ಹಾಕಿ ಎದ್ದುಬಿಟ್ಟರೆ ಕೇಳುವವರಿರಲಿಲ್ಲ. ಅಕ್ಕ ಬಯಸಿದ್ದೂ ಅದನ್ನೇ. ಆದರೆ ಪುಟ ಇಡೀ ದಿಣ್ಣೆಯದು. ಅದನ್ನು ನಂಬಿ ಇನ್ಯಾರೋ ಒಂಟಿ ಹೆಂಗಸು ಇಲ್ಲಿ ಬಂದು ಬುಟ್ಟಿ ಹೊರಬೇಕಾದೀತು. ಮೇಷ್ಟ್ರು ಪೆನ್ನು ತೆಗೆದು ಬರೆದರು: ‘ಹಿಂದೆ ಬರೆದದ್ದು ತಪ್ಪು. ನಾನು ನೆಲ ಕೊರೆದು ನೋಡಿರಲಿಲ್ಲ. ದಿಣ್ಣೆಯೆಲ್ಲ ಗರಸು, ಹುಲ್ಲು ಬಿಟ್ಟರೆ ಏನೂ ಬಾರದು. ಒಂದು ಹಿತ್ತಿಲು ಮಾತ್ರ ಬೇರೆ. ಮೊಳದಾಳ ಒಳ್ಳೆಯ ಮಣ್ಣು, ಬದನೆ, ಹುರುಳಿಕಾಯಿ, ಕುಂಬಳ ಚೆನ್ನಾಗಿ ಬರುತ್ತವೆ.’

ಹಾಳೆಯ ಕೊನೆಯಲ್ಲಿ, ಮಣ್ಣನ್ನು ಇಲ್ಲಿಗೆ ತಂದದ್ದು ಯಾವುದು ಎಂಬ ಸಾಲಿತ್ತು. ನೀರು, ಗಾಳಿ, ಇಳಿಜಾರು ಎಂದು ಮೂರು ಅಚ್ಚಾಗಿದ್ದವು. ಮೂರನ್ನೂ ಹೊಡೆದುಹಾಕಿ ‘ನನ್ನ ಅಕ್ಕ’ ಎಂದು ಬರೆದು ಸಹಿ ಹಾಕಿದರು. ಕಚೇರಿಯವರು ಅದನ್ನು ತೆಗೆದುಹಾಕುತ್ತಾರೆಂದು ಅವರಿಗೆ ಗೊತ್ತಿತ್ತು.

“ಬಸ್ಸು ಹೊರಡ್ತು ಮೇಷ್ಟ್ರೇ,” ದರ್ಜಿಯಮ್ಮ ಕೂಗಿದಳು.

“ಹೋಗ್ಲಿ ಬಿಡಮ್ಮ. ಇವತ್ತು ಇಲ್ಲೇ ಇರ್ತೀನಿ.”

ಚೀಲಕ್ಕೆ ಮಾದರಿಯ ಮಣ್ಣು ಹಾಕಿಕೊಳ್ಳಲಿಲ್ಲ. ಹಿತ್ತಿಲಲ್ಲಿ ಕೊರೆದ ಆರೂ ಕುಳಿಗಳ ಮುಂದೆ ಒಂದೊಂದಾಗಿ ಮಂಡಿಯೂರಿ, ತೆಗೆದಿದ್ದ ಮಣ್ಣನ್ನು ಒಂದು ಹಿಡಿಯೂ ಹೊರಗೆ ಉಳಿಯದಂತೆ ಕೈಯಿಂದಲೇ ತುಂಬಿದರು.