ಬಿಸಿಯಿಲ್ಲದ ಬೆಳಕಿನೆದುರು

ಸಹೃದಯರೇ, ಲಘುವಾಗಿ ಎಣಿಸಬಾರದ ವಾರ್ತೆಯೊಂದನ್ನು ಸವಿನಯದಿಂದ ನಿವೇದಿಸಬೇಕಾಗಿದೆ: ಕನ್ನಡಕದಂಗಡಿಯವನು ಸೇಬು ಹೆಚ್ಚಿದನು!

ಮಳೆ ಆಗಷ್ಟೇ ನಿಂತಿತ್ತು... ಬೀದಿಯ ತಂತಿಗಳಿಂದ ಹನಿಗಳು ಒಲ್ಲದ ಮನಸ್ಸಿನಿಂದ ಕಳಚಿಕೊಳ್ಳುತ್ತಿದ್ದವು. ಒರೆಸಿದ ಗಾಜಿನಂಥ ಆಗಸದಂಚಿನಲ್ಲಿ ಸಂಧ್ಯಾರಾಗವು, ಕರೆಯದೆ ಬಂದ ದೂರದ ನೆಂಟನಂತೆ, ಒಳಬರಲೋ ಬೇಡವೋ ಎಂದು ಅಡುಗೆಮನೆಯ ಕಿಟಕಿಯಲ್ಲಿ ಹಿಂಜರಿಯುತ್ತಿತ್ತು.

ವರ್ಷಗಳಿಂದ ಅವನ ನಾಲಿಗೆಯ ತುದಿಯಲ್ಲಿ ಬಿಟ್ಟಿ ಬಿಡಾರ ಹೂಡಿದ್ದ ಮಾತೊಂದಿತ್ತು. ಅದನ್ನು ಕೇಳಬೇಕಾದವಳು ಎದುರುಮನೆಯ ಟೈಲರಮ್ಮ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಹೊರಡುವವಳು. ಅದಕ್ಕೇ ಈ ಮಹಾಯೋಜನೆ: ವಿದ್ಯುತ್ ಸಾಮಾನಿನ ಅಂಗಡಿಯವರು ಗಿರಾಕಿಗಳಿಗೆ ತೋರಿಸಲೆಂದು ಇಟ್ಟಿದ್ದ ಓವನ್ನನ್ನೇ ಕೊಂಡು ಹೊತ್ತು ತರುವುದು, ಸೇಬಿನ ಹೋಳುಗಳಿಗೆ ಓಟ್ಸು, ಬೆಣ್ಣೆ, ಸಕ್ಕರೆಯ ಹೊದಿಕೆ ಹೊದಿಸಿ ಬೇಯಿಸುವುದು, ಹೊಂಬಣ್ಣದ ಹೊದಿಕೆಗೆ ಅವಳ ಚಮಚ ತಗುಲಿ 'ಕರುಂ' ಎಂದೊಡನೆ ಹೃದಯಕವಾಟವನ್ನು ತೆರೆಯುವುದು! ಚೆಂದ ಕಾಣಲೆಂದು ತನ್ನ ದಪ್ಪ ಕನ್ನಡಕವನ್ನೂ ತೆಗೆದಿಟ್ಟಿದ್ದನು.

"ಬೆರಳು ಹೆಚ್ಕೊಂಡಿಲ್ಲ ತಾನೆ?" ಎನ್ನುತ್ತ ಅವಳು ಬಂದಳು.

"ಕೂತ್ಕೊಳ್ಳಿ. ಕರುಂ ಅಂದ ತಕ್ಷಣ ಒಂದು ಮಾತು ಹೇಳೋದಿದೆ."

ನೆಲದ ಮೇಲೆ, ಓವನ್ನಿನೆದುರು ಕುಳಿತರು. ಗಾಜಿನಾಚೆ ಸುವರ್ಣಕಾಂತಿ... ಅವಳ ಕೆನ್ನೆಯ ಮೇಲೆ ಅದರ ನಸುಗೆಂಪು... ಮಾತು ಕಡಿಮೆಯಾಯಿತು, ಚಳಿ ಮರೆತೇಹೋಯಿತು.

ಗಂಟೆ ಬಾರಿಸಿತು. ಚಮಚ ಇಳಿಯಿತು. ಪಚಕ್!

ಅವನು ಮಾಡಿಕೊಟ್ಟ ಕನ್ನಡಕವನ್ನೇ ಮೂಗಿಗೇರಿಸಿ ಅವಳು ಓವನ್ನಿನ ಮೂಲೆಗೆ ಬಾಗಿದಳು. "ಇಲ್ನೋಡಿ, ಇರುವೆ ಸಾಲಿನ ಹಾಗೆ ಬರ್ದಿದೆ, 'ಪ್ರದರ್ಶನಕ್ಕೆ ಮಾತ್ರ' ಅಂತ! ಅಂಗಡಿಯವ್ರು ಆ ಸೆಟ್ಟಿಂಗ್ ತೆಗೆದೇ ಇಲ್ಲ. ದೀಪ ಉರಿಯುತ್ತೆ, ಗಂಟೆ ಹೊಡಿಯುತ್ತೆ, ಬಿಸಿ ಮಾತ್ರ ಆಗಲ್ಲ. ಊರಿಗೆಲ್ಲ ಕಣ್ಣು ಕೊಡೋರಿಗೆ ಇದು ಕಾಣ್ಲಿಲ್ವಾ?"

ಅವನ ಮುಖ ಬಾಡಿತು. "ಹಾಗಾದ್ರೆ ಆ ಮಾತು... ಇನ್ನೊಂದಿನ..."

"ಕರುಂ ಅನ್ಬೇಕು, ಅಷ್ಟೇ ತಾನೆ?" ಬೆಣ್ಣೆಯಡಿಯಿಂದ ಹಸಿ ಹೋಳೊಂದನ್ನೆತ್ತಿ ಕಚ್ಚಿದಳು. ಕರುಂ! "ಅಂತು. ಹೇಳಿ."

"ಮನೆ ಖಾಲಿ ಮಾಡ್ಬೇಡಿ... ಮಾಡ್ಲೇಬೇಕು ಅಂದ್ರೆ, ದೂರ ಎಲ್ಲೂ ಬೇಡ. ಎದುರಿಗೇ ಬನ್ನಿ, ಈ ಮನೆಗೆ."

ಕಣ್ಣು ಕಿರಿದು ಮಾಡಿ ಅವಳ ಮಸುಕು ಮಸುಕಾದ ಮುಖದಲ್ಲಿ ಉತ್ತರ ಹುಡುಕಿದನು.

"ಅಯ್ಯೋ ಮಾರಾಯ್ರೇ, ಕನ್ನಡಕ ಹಾಕ್ಕೊಳ್ಳಿ! ಆಗ್ಲಿಂದ ತಲೆ ಆಡಿಸ್ತಾನೇ ಇದೀನಿ!"

ಮಹಾಯೋಜನೆಯೇನೋ ಒಂದು ಗುಂಡಿ ಒತ್ತದ ತಾಂತ್ರಿಕ ದೋಷಕ್ಕೆ ಬಲಿಯಾಯಿತು. ಆದರೆ ಕಿಂಚಿತ್ತೂ ಬಿಸಿಯಿಲ್ಲದ ಆ ಬೆಳಕಿನೆದುರು ಅವರಿಬ್ಬರೂ ಅಷ್ಟು ಹೊತ್ತು ಬೆಚ್ಚಗೆ ಕುಳಿತಿದ್ದರಲ್ಲ... ಹೇಳಿ ಸಹೃದಯರೇ, ಆ ಬಿಸುಪು ಯಾವ ಒಲೆಯದು?